ಮೂರನೆಯ ಹಲಗೆ

“ಏ ಮೂರನೇದಾಕಿ, ಕೈ ಸತ್ತಾವೇನ ನಿನ್ನವು? ಹೆಣಕ್ಕ ಬಡದಂಗ ಬಡೀಲಿಕ್ಕತ್ತೀಯಲ್ಲ.”

ಮುಂದಿನ ಕೋಣೆಯ ತೂಗುಮಂಚದಿಂದ ಹೊರಟ ತುಳಸೀಬಾಯಿಯ ದನಿ ನಡುಮನೆ ದಾಟಿ ಹಿತ್ತಲ ತಗಡಿನ ಶೆಡ್ಡಿಗೆ ಬಂತು. ಗುಂಡವ್ವ ತಲೆ ಎತ್ತಲಿಲ್ಲ. ಹಲಗೆಯ ಮೇಲಿದ್ದ ರೊಟ್ಟಿಯನ್ನು ಒಂದು ಸುತ್ತು ತಿರುಗಿಸಿ ಕೈ ಜೋರು ಮಾಡಿದಳು. ಪಟ ಪಟ ಪಟ. ಮುಂದಿನ ಕೋಣೆ ಸುಮ್ಮನಾಯಿತು.

ತುಳಸೀಬಾಯಿ, ಹೆಂಗಸರ ಬಾಯಲ್ಲಿ ‘ಬಾಯಾರು’, ಶೆಡ್ಡಿಗೆ ಬರುವವರಲ್ಲ. ಮೊಣಕಾಲು ನೋವು ಒಂದು ಕಾರಣ, ಮೈಲಿಗೆ ಇನ್ನೊಂದು. ಶೆಡ್ಡಿನಲ್ಲಿ ಸಾಲಾಗಿ ಎಂಟು ಮರದ ಹಲಗೆ, ಹಲಗೆಗೊಬ್ಬ ಹೆಂಗಸು. ಎದುರಿನ ಗೋಡೆಗೆ ಗ್ಯಾಸಿನ ಒಲೆಗಳು, ಅವುಗಳ ಮುಂದೆ ರೊಟ್ಟಿ ಬೇಯಿಸುವವರು ಇಬ್ಬರು. ಆರು ವರ್ಷದಿಂದ ದುಡಿಯುತ್ತಿದ್ದರೂ ಈ ಹತ್ತು ಮಂದಿಯಲ್ಲಿ ಅರ್ಧ ಮಂದಿಯ ಮುಖ ಬಾಯಾರಿಗೆ ಗೊತ್ತಿಲ್ಲ, ಹೆಸರು ಮೊದಲೇ ಗೊತ್ತಿಲ್ಲ. ಆದರೆ ಎಂಟೂ ಹಲಗೆಗಳ ಸಪ್ಪಳ ಬೇರೆ ಬೇರೆಯಾಗಿ ಗೊತ್ತು. ಮೊದಲನೆಯದು ನಿಧಾನ, ಎರಡನೆಯದು ಸಿಟ್ಟಿನದು, ಐದನೆಯದು ಅವಸರದ್ದು. ಜಪಕ್ಕೆ ಕೂತಿದ್ದರೂ ಎಂಟರಲ್ಲಿ ಒಂದು ನಿಂತರೆ ಅವರ ಕಣ್ಣು ತೆರೆಯುತ್ತದೆ. ಶೆಡ್ಡಿಗೆ ಕ್ಯಾಮೆರಾ ಹಾಕಿಸೋಣವೆಂದು ಮಗ ರಾಘವೇಂದ್ರ ಹೇಳಿದಾಗ, “ನನ್ನ ಕಿವಿ ಇರೂತನಕಾ ಅದು ಯಾಕ ಬೇಕಪಾ” ಎಂದಿದ್ದರಂತೆ.

ಹೀಗಾಗಿ ಆ ಶೆಡ್ಡಿನಲ್ಲಿ ಹೆಂಗಸರು ಏನು ಬೇಕಾದರೂ ಮಾಡಬಹುದು. ಮಾತಾಡಬಹುದು, ಅಳಬಹುದು, ಬಾಯಾರ ಏಳು ತಲೆಮಾರು ಎತ್ತಿ ಬೈಯಬಹುದು. ಕೈ ಮಾತ್ರ ನಿಲ್ಲಬಾರದು. ಬೆವರು ಒರೆಸಿಕೊಳ್ಳುವುದಾದರೆ ಒಂದು ಕೈಯಿಂದ ಒರೆಸಿಕೊಳ್ಳಬೇಕು, ಇನ್ನೊಂದು ಬಡಿಯುತ್ತಿರಬೇಕು. ಇಷ್ಟು ಕಲಿಯಲು ಹೊಸಬರಿಗೆ ಎರಡು ದಿನ ಬೇಕಾಗುತ್ತದೆ.

ಈ ರೊಟ್ಟಿಗೆ ‘ಬಾಯಾರ ರೊಟ್ಟಿ’ ಎಂದೇ ಹೆಸರು. ಇಂಡಿ ಪಟ್ಟಣದ ಅಂಗಡಿಗಳಲ್ಲಷ್ಟೇ ಅಲ್ಲ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳಲ್ಲೂ ಅದರ ಪಾಕೀಟು ತೂಗಾಡುತ್ತಿರುತ್ತದೆ. ಪಾಕೀಟಿನ ಮೇಲೆ ಕಚ್ಚೆ ಹಾಕಿ ರೇಷ್ಮೆ ಸೀರೆ ಉಟ್ಟ ತುಳಸೀಬಾಯಿ ನಗುತ್ತ ರೊಟ್ಟಿ ಬಡಿಯುವ ಫೋಟೋ, ಅದರ ಕೆಳಗೆ ‘ಮಡಿಯಲ್ಲಿ ಮಾಡಿದ್ದು’ ಎಂಬ ಅಕ್ಷರ. ಆ ಫೋಟೋದಲ್ಲಿರುವ ರೊಟ್ಟಿಯನ್ನು ಬಡಿದುಕೊಟ್ಟವಳು ಗುಂಡವ್ವ. ಬಾಯಾರು ಅದರ ಮೇಲೆ ಅಂಗೈ ಇಟ್ಟು ನಕ್ಕರು, ಫೋಟೋದವನು ಹೋದ ಮೇಲೆ ತಲೆಗೆ ನೀರು ಹಾಕಿಕೊಂಡರು. ಶೆಡ್ಡಿನ ಹೆಂಗಸರೆಲ್ಲ ಕೇರಿಯವರು, ಒಲೆಯ ಮುಂದಿನ ಫರಹತ ಒಬ್ಬಳು ಮುಸಲ್ಮಾನರವಳು. ಮೊದಮೊದಲು ಬೇರೆ ಮಂದಿಯೂ ಬರುತ್ತಿದ್ದರು. ರಟ್ಟೆ ಬಿದ್ದುಹೋಗುತ್ತದೆಂದು ಒಬ್ಬೊಬ್ಬರೇ ಬಿಟ್ಟರು. ಉಳಿದವರಿಗೆ ಬಿಟ್ಟು ಹೋಗಲು ಬೇರೆ ಜಾಗ ಇರಲಿಲ್ಲ. ಅವರು ಹಿಂದಿನ ಓಣಿಯ ಬಾಗಿಲಿಂದ ಬಂದು ಅದೇ ಬಾಗಿಲಿಂದ ಹೋಗುತ್ತಾರೆ. ನಾಲ್ಕು ತಾಲೂಕಿನವರು ಕಡಿದು ತಿನ್ನುವ ಆ ರೊಟ್ಟಿ ಬಾಯಾರ ತಾಟಿಗೆ ಮಾತ್ರ ಬರುವುದಿಲ್ಲ. ಅವರಿಗೆ ಒಳಗೆ ಬೇರೆ ಒಲೆ ಇದೆ.

ಗುಂಡವ್ವ ದಿನಾ ಲಚ್ಯಾಣ ಹಳ್ಳಿಯಿಂದ ಟಂಟಂ ರಿಕ್ಷಾ ಹಿಡಿದು ಬರುತ್ತಾಳೆ. ಅವಳ ಕೈಯ ರೊಟ್ಟಿ ಒಂದು ಕಾಲಕ್ಕೆ ಕೇರಿಗೆಲ್ಲ ಹೆಸರಾಗಿತ್ತು. ಅಂಚು ಒಡೆಯದೆ, ನಡು ದಪ್ಪವಾಗದೆ, ಚಂದ್ರನ ಎದುರು ಹಿಡಿದರೆ ಬೆಳಕು ಕಾಣುವಷ್ಟು ತೆಳ್ಳಗೆ ಬಡಿಯುತ್ತಿದ್ದಳು. ಗಂಡ ಧರೆಪ್ಪ ಗೌಂಡಿ ಕೆಲಸದವನು, ಕಡಿಮೆ ಮಾತಿನವನು. ಊಟಕ್ಕೆ ಕೂತಾಗ ಮಾತ್ರ, “ನಿನ್ನ ರೊಟ್ಟಿ ಉಂಡಾಂವ ಬ್ಯಾರೆ ಕಡೆ ಉಣಬಾರದು ನೋಡ” ಎನ್ನುತ್ತಿದ್ದ. ಅವಳಿಗೂ ಆ ಕೆಲಸದ ಮೇಲೆ ಪ್ರೀತಿ ಇತ್ತು. ಶೆಡ್ಡಿಗೆ ಸೇರಿದ ಹೊಸದರಲ್ಲಿ, ದಿನವಿಡೀ ಬಡಿದು ಮನೆಗೆ ಬಂದರೂ ಗಂಡನಿಗೆ ಬಿಸಿ ರೊಟ್ಟಿ ಮಾಡಿ ಹಾಕುವಾಗ ದಣಿವು ಮರೆಯುತ್ತಿತ್ತು.

ಅದು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಮೊದಲು ನಾಲಿಗೆಯ ರುಚಿ ಹೋಯಿತು, ಖಾರ ಹೆಚ್ಚಾದರೂ ಒಂದೇ, ಉಪ್ಪು ಬಿಟ್ಟುಹೋದರೂ ಒಂದೇ. ಆಮೇಲೆ ನಗೆ ಹೋಯಿತು. ಶೆಡ್ಡಿನಲ್ಲಿ ಎರಡನೆಯ ಹಲಗೆಯ ರೇಣುಕಾ ರಾಘವೇಂದ್ರನ ನಡಿಗೆಯನ್ನು ಅಣಕಿಸಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಗುಂಡವ್ವ ಉಳಿದವರ ಬಾಯಿ ನೋಡಿ ತಾನೂ ಬಾಯಿ ಅಗಲಿಸುತ್ತಿದ್ದಳು. ಮುಂಜಾನೆ ಎದ್ದರೆ ಹಿಂದಿನ ದಿನ ಮಲಗುವಾಗಿದ್ದಷ್ಟೇ ದಣಿವು ಇರುತ್ತಿತ್ತು. ಜ್ವರವಿಲ್ಲ, ಕೆಮ್ಮಿಲ್ಲ, ಯಾರಿಗೆ ಏನೆಂದು ಹೇಳುವುದು? ಮನೆಯಲ್ಲಿ ಹಿಟ್ಟಿನ ಡಬ್ಬಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಧರೆಪ್ಪ ತಾನೇ ರೊಟ್ಟಿ ಬಡಿಯಲು ಕಲಿತ. ಗೋಡೆಗೆ ಗಾರೆ ಮೆತ್ತುವ ಕೈಯಿಂದ ದಪ್ಪ ದಪ್ಪ ರೊಟ್ಟಿ ಬರುತ್ತಿದ್ದವು. ಅದನ್ನೇ ಇಬ್ಬರೂ ಅಗಿದು ನುಂಗುತ್ತಿದ್ದರು.

ಆಮೇಲೆ ಕೈ ಶುರುಮಾಡಿತು. ಟಂಟಂನಲ್ಲಿ ಕೂತರೆ ತೊಡೆಯ ಮೇಲೆ ಬಡಿಯುವುದು, ಚಹಾ ಕುಡಿಯುತ್ತಿದ್ದರೆ ಇನ್ನೊಂದು ಕೈ ಕಟ್ಟೆಯ ಮೇಲೆ ಬಡಿಯುವುದು. “ಅಯ್ಯ, ಗುಂಡಕ್ಕ ಏನ ಭಜನಿ ಹತ್ತಿದಾಳೋ” ಎಂದು ಟಂಟಂನವರು ನಗುತ್ತಿದ್ದರು. ಗಟ್ಟಿಯಾಗಿ ಮುಷ್ಟಿ ಹಿಡಿದರೆ ನಿಲ್ಲುತ್ತಿತ್ತು. ಮರೆತು ಬಿಟ್ಟ ಕೂಡಲೇ ಮತ್ತೆ ಶುರು.

ದೀಪಾವಳಿ ಮುಗಿದ ವಾರ, ಒಂದು ಮಧ್ಯಾಹ್ನ, ರೇಣುಕಾ ಪಕ್ಕಕ್ಕೆ ತಿರುಗಿ ನೋಡಿದವಳು ಹಾಗೇ ಉಳಿದಳು.

“ಗುಂಡಕ್ಕಾ.”

“ಹೂಂ.”

“ಏನ ಬಡಿಯಾಕತ್ತಿ?”

“ಏನ ಬಡೀತಾರ? ರೊಟ್ಟಿ.”

“ಎಲ್ಲೈತಿಬೇ ರೊಟ್ಟಿ?”

ಗುಂಡವ್ವ ಕೆಳಗೆ ನೋಡಿದಳು. ಹಲಗೆ ಖಾಲಿ ಇತ್ತು. ನಾದಿಟ್ಟ ಹಿಟ್ಟು ಪಕ್ಕದ ಪರಾತದಲ್ಲೇ ಇತ್ತು, ಮೇಲೆ ಒಣಗಿ ಸಿಪ್ಪೆ ಕಟ್ಟಿತ್ತು. ಎಷ್ಟು ಹೊತ್ತಿನಿಂದ ಬರಿ ಹಲಗೆ ಬಡಿಯುತ್ತಿದ್ದಳೋ ದೇವರಿಗೇ ಗೊತ್ತು. ಅಂಗೈ ಕೆಂಡದಂತಾಗಿತ್ತು. ಎಂಟನೆಯ ಹಲಗೆಯವಳು ಕಿಸಕ್ಕನೆ ನಕ್ಕಳು, ಗುಂಡವ್ವನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಆ ಹೊತ್ತಿಗೆ ಸರಿಯಾಗಿ ಮುಂದಿನ ಕೋಣೆಯಿಂದ ಬಾಯಾರ ದನಿ ಬಂತು.

“ಇವತ್ತ ಮೂರನೇದಾಕಿ ಕೈ ಭಾಳ ಛಲೋ ನಡದದ. ಹಿಂಗ ಬಡೀಬೇಕು ನೋಡ್ರಿ.”

ಉಳಿದ ಏಳು ಹಲಗೆಗಳಲ್ಲಿ ಕೈ ನಡೆದೇ ಇತ್ತು, ಗುಂಡವ್ವ ಪರಾತದಿಂದ ಹಿಟ್ಟು ಮುರಿದುಕೊಂಡು ಹಲಗೆಯ ಮೇಲಿಟ್ಟಳು.

ಮಗಳು ಸುವರ್ಣಾ ಗೊಳಸಂಗಿಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದದ್ದು ಆ ದಿನಗಳಲ್ಲೇ. ಹೆಣ್ಣು ಕೂಸು. ಗುಂಡವ್ವ ಈ ಕೂಸಿಗಾಗಿ ಎಷ್ಟು ಕಾದಿದ್ದಳೆಂದರೆ, ಸುವರ್ಣಾಳ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಎರಡು ಕೌದಿ ಹೊಲಿದಿಟ್ಟಿದ್ದಳು. ಕೂಸಿನ ಮುಖ ನೋಡಿದಾಗ ಮಾತ್ರ ಒಳಗೆ ಏನೂ ಆಗಲಿಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ಕೂಸಿನ ಕೆನ್ನೆ ಮುಟ್ಟಿ, “ನಮ್ಮವ್ವ ಬಂದಾಳ” ಎಂದಳು. ಯಾರೋ ಹೇಳಿಕೊಟ್ಟ ಮಾತನ್ನು ಒಪ್ಪಿಸಿದಂತಿತ್ತು ಅದು. ಅವಳಿಗೆ ಬಹಳ ನಾಚಿಕೆಯಾಯಿತು.

ಕೂಸಿಗೆ ಇಪ್ಪತ್ತು ದಿನವಾಗಿದ್ದಾಗ, ದೀಪ ಹಚ್ಚುವ ಹೊತ್ತಿಗೆ, ಸುವರ್ಣಾ ಕೂಸನ್ನು ಅವ್ವನ ತೊಡೆಯ ಮೇಲೆ ಹಾಕಿ ಬಚ್ಚಲಿಗೆ ಹೋದಳು. ಗುಂಡವ್ವ ಕೂಸನ್ನು ಬೋರಲು ಮಲಗಿಸಿಕೊಂಡು ಮೆಲ್ಲಗೆ ಬೆನ್ನು ತಟ್ಟತೊಡಗಿದಳು. ಗೋಡೆಯ ಮೇಲಿನ ಬುದ್ಧನ ಫೋಟೋ, ಅದರ ಕೆಳಗೆ ಧರೆಪ್ಪ ಹಚ್ಚಿಟ್ಟ ಊದಿನಕಡ್ಡಿ, ಎಷ್ಟೋ ದಿನದ ಮೇಲೆ ಮನೆಯೊಳಗೆ ಸಮಾಧಾನ ಅನ್ನಿಸುವಂಥ ಹೊತ್ತು. ಕೂಸು ಮೊದಲು ಕುಂಯ್ ಎಂದಿತು. ಆಮೇಲೆ ಅಳತೊಡಗಿತು. ಆಮೇಲೆ ಉಸಿರು ಕಟ್ಟಿ ಚೀರಿತು. ಗುಂಡವ್ವ ಊದಿನಕಡ್ಡಿಯ ಹೊಗೆ ನೋಡುತ್ತ ಕೂತೇ ಇದ್ದಳು.

ಸುವರ್ಣಾ ಒದ್ದೆ ಮೈಯಲ್ಲೇ ಓಡಿಬಂದು ಕೂಸನ್ನು ಕಿತ್ತುಕೊಂಡಳು. ಅಂಗಿ ಎತ್ತಿ ನೋಡಿದರೆ ಅಂಗೈಯಗಲದ ಬೆನ್ನು ಕೆಂಪಾಗಿ ಬೆರಳು ಮೂಡಿದ್ದವು.

“ಯವ್ವಾ, ಕೂಸು ಅದು. ಹಿಟ್ಟಲ್ಲ.”

ಅಷ್ಟೇ ಅಂದಳು. ಬೈದಿದ್ದರೂ ಚೆನ್ನಾಗಿತ್ತು. ಗುಂಡವ್ವನ ಕೈ ಇನ್ನೂ ಬಡಿಯುತ್ತಿತ್ತು, ತೊಡೆಯ ಮೇಲೆ, ಸರಿಯಾಗಿ ಶೆಡ್ಡಿನ ಲಯದಲ್ಲಿ. ಧರೆಪ್ಪ ಬಂದು ಆ ಕೈ ಹಿಡಿದು ಕೂತ. ಅವಳಿಗೆ ಅಳು ಬರಲಿಲ್ಲ. ಇಂಥದ್ದಕ್ಕೂ ಅಳು ಬಾರದಿದ್ದರೆ ತನ್ನೊಳಗೆ ಇನ್ನೇನು ಉಳಿದಿದೆ ಎಂದು ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಅಂದಿನಿಂದ ಸುವರ್ಣಾ ಕೂಸನ್ನು ಅವ್ವನ ಕೈಗೆ ಕೊಡಲಿಲ್ಲ. ಮುಖದ ಮೇಲೆ ಹೇಳುತ್ತಿರಲಿಲ್ಲ. “ಈಗರೆ ನಿದ್ದಿ ಹತ್ತೈತಿ”, “ಹಾಲ ಕುಡಿಯಾಕತ್ತೈತಿ”, “ನೀ ದಣದ ಬಂದೀ, ಮಕ್ಕೋ ಯವ್ವಾ” ಎಂದು ದಿನಕ್ಕೊಂದು ನೆಪ. ಗುಂಡವ್ವ ಹೂಂ ಎನ್ನುತ್ತಿದ್ದಳು. ಗೋಡೆಗೆ ಒರಗಿ ಎರಡೂ ಕೈಗಳ ಮೇಲೆ ತಾನೇ ಕೂತು ದೂರದಿಂದ ಕೂಸನ್ನು ನೋಡುತ್ತಿದ್ದಳು.

ಧರೆಪ್ಪನೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದ.

“ಏನು ತ್ರಾಸು?” ಎಂದರು ಡಾಕ್ಟರು, ಮೊಬೈಲಿನಿಂದ ಕಣ್ಣು ತೆಗೆಯದೆ.

“ಕೈ ನಿಲ್ಲವಲ್ಲವ್ರಿ.”

“ನೋವು ಇದೆಯಾ?”

“ಇಲ್ರಿ.”

“ಉರಿ? ಜೋಮು?”

“ಏನೂ ಇಲ್ರಿ. ಏನೂ ಅನಸವಲ್ದರಿ, ಅದ ತ್ರಾಸರಿ.”

ಡಾಕ್ಟರು ಒಂದು ಸಲ ಅವಳ ಮುಖ ನೋಡಿದರು. ಕೆಂಪು ಗುಳಿಗೆ ಬರೆದರು. “ಆರಾಮ ತಗೋಬೇಕು” ಎಂದರು. ಗುಳಿಗೆ ಔಷಧಿ ಅಂಗಡಿಯಲ್ಲಿ ಸಿಕ್ಕವು. ಡಾಕ್ಟರು ಹೇಳಿದ ಇನ್ನೊಂದು ಔಷಧ ಎಲ್ಲಿ ಸಿಗುತ್ತದೆಂದು ಗಂಡ ಹೆಂಡತಿ ಇಬ್ಬರಿಗೂ ತಿಳಿಯಲಿಲ್ಲ.

ಈ ಜಡ್ಡಿನ ಹೆಸರು ತಿಳಿಸಿದವಳು ಬಾಯಾರ ಸೊಸೆ ವಸುಧಾ. ರಾಘವೇಂದ್ರನ ಹೆಂಡತಿ. ವಿಜಯಪುರದ ಬ್ಯಾಂಕೊಂದರಲ್ಲಿ ಆಫೀಸರಾಗಿದ್ದವಳು ಎರಡು ತಿಂಗಳ ರಜೆ ಹಾಕಿ ಮನೆಗೆ ಬಂದಿದ್ದಳು. ಮಹಡಿಯ ಕೋಣೆ ಅವಳದು. ರೊಟ್ಟಿಯ ಸಪ್ಪಳ ಅವಳ ತಲೆಗೆ ಆಗುವುದಿಲ್ಲವೆಂದು ಕಿಟಕಿಗೆಲ್ಲ ಹೊಸ ಗಾಜು ಹಾಕಿಸಿದ್ದರು. ದಿನಾ ಬಾದಾಮಿ ಹಾಲು ಮೇಲೆ ಹೋಗುತ್ತಿತ್ತು. ಅವಳು ಎಷ್ಟು ಹೊತ್ತಿಗೆ ಬೇಕಾದರೂ ಏಳಬಹುದಿತ್ತು, ಬೇಡವಾದರೆ ಏಳದೆಯೂ ಇರಬಹುದಿತ್ತು. ಒಂದು ಮಧ್ಯಾಹ್ನ, ಹೆಂಗಸರು ಬುತ್ತಿ ಬಿಚ್ಚಿ ಕೂತ ಅರ್ಧ ತಾಸಿನಲ್ಲಿ, ಅವಳು ತಾನಾಗಿ ಹಿತ್ತಲಿಗೆ ಬಂದು ಬಾಗಿಲ ಕಟ್ಟೆಯ ಮೇಲೆ ಕೂತಳು. ಆ ಮನೆಯವರು ಶೆಡ್ಡಿನ ಬಾಗಿಲಲ್ಲಿ ಕೂತದ್ದು ಅದೇ ಮೊದಲು. ಹೆಂಗಸರು ತುತ್ತು ನುಂಗುವುದನ್ನು ನಿಲ್ಲಿಸಿದರು.

ವಸುಧಾ ಗುಂಡವ್ವನ ಎಡಗೈ ನೋಡುತ್ತಿದ್ದಳು. ಬಲಗೈ ಉಣ್ಣುತ್ತಿತ್ತು, ಎಡಗೈ ನೆಲ ಬಡಿಯುತ್ತಿತ್ತು.

“ಎಷ್ಟ ದಿನದಿಂದ ಆಗೇದ ಹಿಂಗ?”

“ಗೊತ್ತಿಲ್ರಿ ವೈನ್ಯಾರ.”

“ನಿದ್ದಿ?”

“ಬರ್ತೈತ್ರಿ. ಎದ್ರ ಬಂದಂಗ ಅನಸೂದಿಲ್ರಿ.”

ವಸುಧಾ ತಲೆಯಾಡಿಸಿದಳು. ಕೆಳದನಿಯಲ್ಲಿ, ಅವರಿಗೆ ಹೇಳಿದಳೋ ತನಗೆ ಹೇಳಿಕೊಂಡಳೋ ಎಂಬಂತೆ ಹೇಳಿದಳು. “ನನಗೂ ಹಿಂಗ ಆಗಿತ್ತು. ಕೌಂಟರಿನ್ಯಾಗ ಮಂದಿ ಮಾತಾಡ್ಲಿಕ್ಕತ್ತಿದ್ರ ಬಾಯಿ ಅಷ್ಟ ಕಾಣಸ್ತಿತ್ತು, ಮಾತ ತಿಳೀತಿದ್ದಿಲ್ಲ. ಒಂದಿನ ಬ್ಯಾಂಕಿನ ಮೆಟ್ಟಲಾ ಹತ್ತಲಿಕ್ಕ ಆಗಲೇ ಇಲ್ಲ. ಡಾಕ್ಟರ್ ಬರ್ನೌಟ್ ಅಂದ್ರು. ಎಣ್ಣಿ ತೀರಿದ ಮ್ಯಾಲ ಬತ್ತೀನೂ ಸುಡತದಲ್ಲ, ಹಂಗ.”

“ಅದಕ ಮದ್ದ ಏನ್ರಿ?” ಎಂದಳು ಗುಂಡವ್ವ.

“ಬಿಡುವು. ಕೆಲಸಾ ಬಿಟ್ಟು ಸುಮ್ಮನ ಇರೋದು. ನನಗ ಎರಡ ತಿಂಗಳಾ ಕೊಟ್ಟಾರ. ಪಗಾರ ಸಹಿತ.”

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತೇನೋ, ಮುಖ ಕೆಳಗಾಯಿತು. ರೇಣುಕಾ ಬುತ್ತಿಯ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದಳು. ಗುಂಡವ್ವನಿಗೆ ಮಾತ್ರ ಸಿಟ್ಟು ಬರಲಿಲ್ಲ. ತನಗಾದದ್ದು ಹುಚ್ಚಲ್ಲ, ಅದಕ್ಕೊಂದು ಹೆಸರಿದೆ, ಅದು ಓದಿದ ಮಂದಿಗೂ ಬರುತ್ತದೆ ಎಂದು ಕೇಳಿ ಎದೆಯಲ್ಲಿ ಒಂದಿಷ್ಟು ಜಾಗ ಬಿಟ್ಟಂತಾಯಿತು. ಎಂಟು ದಿನ ಸಾಕು ಎಂದುಕೊಂಡಳು. ಎಂಟು ದಿನ ಕೈ ಸುಮ್ಮನಿದ್ದರೆ ಕೂಸನ್ನು ಎತ್ತಿಕೊಳ್ಳಬಹುದು. ಸುವರ್ಣಾ ಗೊಳಸಂಗಿಗೆ ಹೊಳ್ಳಿ ಹೋಗುವ ಮುಂಚೆ ಒಂದೇ ಒಂದು ಸಲ, ಕೂಸು ತನ್ನ ತೊಡೆಯ ಮೇಲೆ ನಿದ್ದೆ ಮಾಡಿದರೆ ಸಾಕು.

ಆ ಸಂಜೆ ನಡುಮನೆಯ ಹೊಸ್ತಿಲ ಹತ್ತಿರ ಹೋಗಿ ನಿಂತಳು. ಎಳ್ಳ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇತ್ತು. ಆ ಹಬ್ಬಕ್ಕೆ ಇಡೀ ಜಿಲ್ಲೆಯೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯ ಒಂದು ಪಾಲನ್ನು ಭೂಮಿಗೆ ಚರಗವೆಂದು ಚೆಲ್ಲಿ, ಸಾಲಾಗಿ ಕೂತು ಉಣ್ಣುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಲ್ಲದೆ ಬುತ್ತಿ ಆಗುವುದಿಲ್ಲ, ಪೇಟೆಯ ಮಂದಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ರಾಘವೇಂದ್ರ ಎರಡು ಫೋನು ಹಿಡಿದು ಅಂಗಡಿಯವರ ಆರ್ಡರು ಬರೆದುಕೊಳ್ಳುತ್ತಿದ್ದ. ತುಳಸೀಬಾಯಿ ತೂಗುಮಂಚದ ಮೇಲೆ ಬತ್ತಿ ಹೊಸೆಯುತ್ತಿದ್ದರು.

“ಬಾಯಾರ, ಎಂಟ ದಿನ ಸೂಟಿ ಬೇಕಾಗಿತ್ರಿ.”

“ಯಾರಕಿ ಅದು?”

“ಗುಂಡವ್ವರಿ. ಮೂರನೇ ಹಲಗಿ.”

ಬಾಯಾರು ಆಗ ಕಣ್ಣೆತ್ತಿ ನೋಡಿದರು. “ಓ, ನೀನೇನು. ಹೊಸ್ತಿಲಾ ಬಿಟ್ಟು ಹಿಂದ ಸರದು ನಿಂದರು.”

ಗುಂಡವ್ವ ಹಿಂದೆ ಸರಿದಳು. ಕೆಲಸದವಳು ಒಂದು ತಂಬಿಗೆ ನೀರು ತಂದು ಅವಳು ನಿಂತಿದ್ದ ಕಲ್ಲಿನ ಮೇಲೆ ಚೆಲ್ಲಿದಳು. ನೀರು ಹರಿದು ಬಂದು ಗುಂಡವ್ವನ ಕಾಲಬೆರಳಿಗೆ ತಾಗಿತು. ಅವಳು ಇನ್ನೊಂದು ಹೆಜ್ಜೆ ಹಿಂದೆ ಸರಿದಳು.

“ಎಳ್ಳಮಾಸಿ ತಲೀ ಮ್ಯಾಲ ಬಂದದ. ಈಗ ಸೂಟಿ ಬೇಕ ಈಕೀಗೆ,” ಎಂದರು ಬಾಯಾರು ಮಗನ ಕಡೆ ನೋಡಿ.

“ಮಮ್ಮಗಳನ್ನ ಎತ್ತಗೊಳ್ಳಾಕ ಆಗವಲ್ದರಿ. ಕೈ ಬಡೀತಾವರಿ. ಎಂಟ ದಿನ ಕೈ ನಿಂತ್ರ ಎಲ್ಲಾ ನೆಟ್ಟಗ ಆಕ್ಕೈತ್ರಿ.”

“ಕೈ ನಿಂತ ಮ್ಯಾಲ ನಿನಗ ಇಲ್ಲೇನ ಕೆಲಸಾ?” ಎಂದರು ಬಾಯಾರು.

ಮಹಡಿಯ ಮೆಟ್ಟಿಲ ಮೇಲೆ ವಸುಧಾ ಬಂದು ನಿಂತಿದ್ದಳು. “ಅತ್ಯಾ, ಆಕೀಗೆ ಆಗಿದ್ದೂ ನನಗ ಆಗಿದ್ದ ಜಡ್ಡು. ಆಕೀಗೂ ಬಿಡುವು ಬೇಕು.”

ತುಳಸೀಬಾಯಿ ಬತ್ತಿ ಕೆಳಗಿಟ್ಟು ನಿಜಕ್ಕೂ ನಕ್ಕರು. ಕೆಟ್ಟ ನಗೆಯಲ್ಲ ಅದು, ಮಕ್ಕಳ ಮಾತಿಗೆ ಹಿರಿಯರು ನಗುವಂಥದ್ದು. “ಹುಚ್ಚಿ. ನಿಂದು ತಲೀ ಕೆಲಸಾ, ತಲೀ ದಣೀತದ. ಇವರದು ಕೈ ಕೆಲಸಾ. ಕೈಗೇನು ಬ್ಯಾಸರಾಗ್ತದೇನು?”

“ವಸುಧಾ, ನೀ ಮ್ಯಾಲ ಹೋಗು,” ಎಂದ ರಾಘವೇಂದ್ರ. “ಡಾಕ್ಟರ್ ನಿನಗ ಗದ್ದಲದಾಗ ಬರಬ್ಯಾಡ ಅಂದಾರ.”

ವಸುಧಾ ಬಾಯಿ ತೆರೆದಳು. ಗುಂಡವ್ವ ಅವಳನ್ನೇ ನೋಡುತ್ತಿದ್ದಳು. ಆಮೇಲೆ ವಸುಧಾ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತಿ ಹೋದಳು. ಗಾಜಿನ ಕಿಟಕಿ ಮುಚ್ಚಿದ್ದು ಕೆಳಗೆ ಕೇಳಿಸಿತು.

“ನಿನಗ ಸೂಟಿ ಬೇಕಂದ್ರ ತಗೋಬೇ,” ಎಂದ ರಾಘವೇಂದ್ರ, ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು. “ಆದ್ರ ಹೊಳ್ಳಿ ಬರಬ್ಯಾಡ. ಕೇರ್ಯಾಗೇನು ಕೈಗೋಳು ಕಡಿಮಿ ಅವ?”

ಮರುದಿನ ಶೆಡ್ಡಿನಲ್ಲಿ ರೇಣುಕಾ ಬೈದ ಬೈಗುಳವನ್ನು ಇಲ್ಲಿ ಪೂರಾ ಬರೆಯಲಾಗುವುದಿಲ್ಲ. “ಕೈಗೆ ಬ್ಯಾಸರಾಗೂದಿಲ್ಲಂತ ಆ ಮುದಿರಂಡೀಗೆ. ಒಂದಿನ ಈ ಹಲಗಿ ಮುಂದ ಕುಂದರ್ಸಬೇಕು ಆಕಿನ್ನ. ಹಾಟ್ಯಾಳ, ಜಪಮಣಿ ಎಣಿಸಿದ್ರ ನೋಯ್ತಾವಂತ ಬೆರಳು.” ಬಡಿಯುತ್ತ ಬಡಿಯುತ್ತಲೇ ಬೈದಳು. ಹಲಗೆ ಅದುರುತ್ತಿತ್ತು. ಮುಂದಿನ ಕೋಣೆಗೆ ಅದು ಹುರುಪಾಗಿ ಕೇಳಿಸಿರಬೇಕು, ಸುಮ್ಮನಿತ್ತು.

ಆಗ ಐದನೆಯ ಹಲಗೆಯವಳು, ಯಾವತ್ತೂ ಮಾತಾಡದವಳು, ತಾನು ನಿದ್ದೆಯಲ್ಲಿ ಗಂಡನ ಎದೆ ಬಡಿಯುತ್ತೇನೆಂದಳು. ಗಂಡ ಎರಡು ಸಲ ಕಪಾಳಕ್ಕೆ ಹೊಡೆದನಂತೆ. ಏಳನೆಯವಳು ತನಗೆ ತಿಂಗಳುಗಟ್ಟಲೆಯಿಂದ ಹಸಿವೇ ಇಲ್ಲ ಎಂದಳು. ಒಲೆಯ ಮುಂದಿನ ಫರಹತ, “ನಮಾಜಿಗೆ ಕುಂತ್ರೂ ರೊಟ್ಟಿ ಹೊಳ್ಳಿ ಹಾಕಿದಂಗ ಕೈ ತಿರಗತಾವ, ತೋಬಾ,” ಎಂದು ಕ್ಷಮೆ ಕೇಳುವಂತೆ ಹೇಳಿದಳು. ಒಬ್ಬೊಬ್ಬಳೂ ತನ್ನೊಬ್ಬಳಿಗೇ ಏನೋ ಆಗಿದೆ ಎಂದು ಮುಚ್ಚಿಟ್ಟುಕೊಂಡಿದ್ದಳು.

“ಗುಂಡಕ್ಕಾ,” ಎಂದಳು ರೇಣುಕಾ ಕೊನೆಗೆ. “ನೀ ಅವತ್ತ ಖಾಲಿ ಹಲಗಿ ಬಡದಾಗ ಮುದಿಕಿ ಏನಂದ್ಲು?”

“ಕೈ ಛಲೋ ನಡದೈತಿ ಅಂದ್ಲು.”

“ಹೌದಿಲ್ಲೋ? ಆಕೀಗೆ ಬೇಕಾಗಿದ್ದು ರೊಟ್ಟಿ ಅಲ್ಲಬೇ, ಸಪ್ಪಳ. ಹಬ್ಬದ ಗಾಡಿ ಬರೂ ದಿನ ಬರೇ ಸಪ್ಪಳಾನ ಕೊಡೂನು.”

ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಯಾರೂ ನಗಲಿಲ್ಲ. ಕೆಲಸ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. “ರೊಟ್ಟಿ ವಾಸನಿ ಬರಲಿಲ್ಲಂದ್ರ ಗೊತ್ತಾಕ್ಕೈತಿ,” ಎಂದು ಯಾರೋ ಅಂದರು. ಫರಹತ ಸೆರಗಿನಿಂದ ಮುಖ ಒರೆಸಿಕೊಂಡು, “ಕಾದ ಹಂಚಿನ ಮ್ಯಾಲ ಚಿಟಿಕಿ ಹಿಟ್ಟು ಉದುರಿಸಿದ್ರ ಅದ ವಾಸನಿ ಬರತೈತಿ,” ಎಂದಳು.

ಎಲ್ಲರೂ ಗುಂಡವ್ವನ ಕಡೆ ನೋಡಿದರು. ಅವಳು ತನ್ನ ಕೈ ನೋಡುತ್ತಿದ್ದಳು. “ಆಗಲಿ,” ಎಂದಳು.

ಹಬ್ಬಕ್ಕೆ ಎರಡು ದಿನ ಮುಂಚೆ ಅಂಗಡಿಗಳಿಗೆ ರೊಟ್ಟಿ ಹೋಗಬೇಕಿತ್ತು. ಮಧ್ಯಾಹ್ನ ಗಾಡಿಗಳು ಬರುವವಿದ್ದವು. ಮುಂಜಾನೆ ಹೆಂಗಸರು ದಿನದಂತೆ ಹಿಂದಿನ ಬಾಗಿಲಿಂದ ಬಂದು, ಕೈ ತೊಳೆದು, ತಮ್ಮ ತಮ್ಮ ಹಲಗೆಯ ಮುಂದೆ ಕೂತರು. ಸಜ್ಜಿ ಹಿಟ್ಟಿನ ಚೀಲಗಳನ್ನು ಯಾರೂ ಬಿಚ್ಚಲಿಲ್ಲ. ಗೋಡೆಗೆ ಸಾಲಾಗಿ ಬುಟ್ಟಿಗಳನ್ನಿಟ್ಟು, ಮೇಲೆ ಒಗೆದ ಬಿಳಿ ಬಟ್ಟೆ ಮುಚ್ಚಿದರು. ಫರಹತ ಒಲೆ ಹಚ್ಚಿದಳು, ಹಿಂದಿನ ದಿನ ತಳದಲ್ಲಿ ಉಳಿದಿದ್ದ ಹಿಟ್ಟಿನಲ್ಲಿ ಚಿಟಿಕೆ ಉದುರಿಸಿದಳು. ಆಮೇಲೆ ಎಂಟೂ ಮಂದಿ ಬಡಿಯಲು ಶುರುಮಾಡಿದರು.

ಮೊದಲ ತಾಸು ಹೆದರಿಕೆಯಲ್ಲಿ ಹೋಯಿತು. ಆಮೇಲೆ ರಟ್ಟೆ ಹಗುರಾಯಿತು. ಹಿಟ್ಟು ಇಲ್ಲದೆ ಬಡಿಯುವುದರಲ್ಲಿ ಏನೋ ಒಂದು ಇತ್ತು, ಆರು ವರ್ಷದಲ್ಲಿ ಮೊದಲ ಬಾರಿಗೆ ಅವರು ಯಾರಿಗಾಗಿಯೂ ಬಡಿಯುತ್ತಿರಲಿಲ್ಲ. ಎಂಟನೆಯವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಗುಂಡವ್ವ ಕೂಸಿನ ಬಗ್ಗೆ ನೆನೆಯುತ್ತ ಬಡಿಯುತ್ತಿದ್ದಳು. ನಾಳೆಯಿಂದ ಈ ಹಲಗೆ ಇಲ್ಲ. ದುಡಿಮೆಗೆ ಏನು ಮಾಡುವುದೋ ಗೊತ್ತಿಲ್ಲ. ಆದರೆ ಕೈ ನಿಲ್ಲುತ್ತದೆ. ಸುವರ್ಣಾಳ ಮುಂದೆ ಎರಡೂ ಅಂಗೈ ಚಾಚಿ ತೋರಿಸಬೇಕು, ನೋಡು, ಸುಮ್ಮನಿವೆ ಎನ್ನಬೇಕು.

ಮುಂದಿನ ಕೋಣೆಗೆ ಅಂಗಡಿಯವರು ಒಬ್ಬೊಬ್ಬರೇ ಬಂದರು. ಬಾಯಾರು ಅವರಿಗೆ ಚಹಾ ಕೊಡಿಸಿ ಹೇಳುತ್ತಿದ್ದುದು ಶೆಡ್ಡಿಗೂ ಕೇಳುತ್ತಿತ್ತು. “ಕೇಳ್ರಿ, ಹೆಂಗ ನಡದಾವ ಕೈಗೋಳು. ಹಬ್ಬದ ಹುರುಪು ಅದು.”

ಎರಡು ಗಂಟೆಗೆ ರಾಘವೇಂದ್ರ ಇಬ್ಬರು ಹಮಾಲರನ್ನು ಕರೆದುಕೊಂಡು ಶೆಡ್ಡಿಗೆ ಬಂದ. ಮೊದಲ ಬುಟ್ಟಿ ಎತ್ತಿದ ಹಮಾಲ ಅದರ ಹಗುರಕ್ಕೆ ಹಿಂದಕ್ಕೆ ಬೀಳುವಂತಾದ. ರಾಘವೇಂದ್ರ ಬಟ್ಟೆ ಎಳೆದ. ಇನ್ನೊಂದರ ಬಟ್ಟೆ ಎಳೆದ. ಎಲ್ಲ ಬುಟ್ಟಿಗಳನ್ನೂ ಕಾಲಿನಿಂದ ಒದ್ದು ಹೊರಳಿಸಿದ. ಹಿಟ್ಟಿನ ಚೀಲಗಳ ಹೊಲಿಗೆ ಬಿಚ್ಚಿಲ್ಲದ್ದು ಆಗ ಅವನ ಕಣ್ಣಿಗೆ ಬಿತ್ತು.

“ರೊಟ್ಟಿ ಎಲ್ಲೆವ? ಸೂಳೇರ್ಯಾ, ರೊಟ್ಟಿ ಎಲ್ಲೆವ?”

“ಮುಂಜಾನಿಂದ ಬಡದೇವಲ್ರಿ,” ಎಂದಳು ರೇಣುಕಾ. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. “ಬಾಯಾರಿಗೆ ಕೇಳಸಲಿಲ್ಲೇನ್ರಿ?”

ಅಷ್ಟು ಹೇಳಿ ಅವಳು ಕೈ ನಿಲ್ಲಿಸಿದಳು. ಮೊದಲನೆಯ ಹಲಗೆ ನಿಂತಿತು. ನಾಲ್ಕನೆಯದು, ಐದನೆಯದು. ಒಂದೊಂದಾಗಿ ಎಂಟನೆಯದೂ ನಿಂತಿತು. ಫರಹತ ಒಲೆ ಆರಿಸಿದಳು.

ಮೂರನೆಯ ಹಲಗೆ ನಿಲ್ಲಲಿಲ್ಲ.

ಗುಂಡವ್ವ ನಿಲ್ಲಿಸಬೇಕೆಂದೇ ಇದ್ದಳು. ಎಲ್ಲರಿಗಿಂತ ಮೊದಲು ನಿಲ್ಲಿಸುವವಳು ತಾನೇ ಎಂದುಕೊಂಡಿದ್ದಳು. ನಿಲ್ಲು ಎಂದು ಬಾಯಿಬಿಟ್ಟು ಅಂದಳು ಕೂಡ. ಮುಷ್ಟಿ ಕಟ್ಟಲು ನೋಡಿದಳು, ಬೆರಳು ಮಡಚಲಿಲ್ಲ. ಅವಳ ಎರಡೂ ಕೈಗಳು ಅವಳ ಕಣ್ಣೆದುರೇ, ಬೇರೆ ಯಾರದೋ ಕೈಗಳಂತೆ, ಬರಿ ಹಲಗೆಯ ಮೇಲೆ ಇಲ್ಲದ ರೊಟ್ಟಿ ತಿರುಗಿಸುತ್ತ ತಿರುಗಿಸುತ್ತ ಬಡಿಯುತ್ತಿದ್ದವು. ಬೈಯಲು ಬಾಯಿ ತೆರೆದಿದ್ದ ರಾಘವೇಂದ್ರ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹಮಾಲರು ಮುಖ ಬೇರೆ ಕಡೆ ತಿರುಗಿಸಿದರು.

ಮುಂದಿನ ಕೋಣೆಯಿಂದ ದನಿ ಬಂತು.

“ಯಾಕ, ಉಳದಾವ್ರೆಲ್ಲಾ ಯಾಕ ನಿಂತ್ರಿ? ಮೂರನೇದಾಕಿನ್ನ ನೋಡಿ ಕಲೀರಿ. ಆಕಿ ಕೈ ನೋಡ್ರಿ ಹೆಂಗ ನಡದಾವ.”

ಗುಂಡವ್ವ ಕಾಲು ಚಾಚಿ ಹಲಗೆಯನ್ನು ದೂರ ನೂಕಿದಳು. ಅದು ಹೋಗಿ ಹಿಟ್ಟಿನ ಚೀಲಕ್ಕೆ ಬಡಿದು ಮಗುಚಿ ಬಿತ್ತು. ಕೈಗಳು ಮಡಿಲಿಗೆ ಬಿದ್ದವು. ಖಾಲಿ ಮಡಿಲಲ್ಲಿ, ಹಳೆಯ ಸೀರೆಯ ಮೇಲೆ, ಅವು ಬಡಿಯುತ್ತಲೇ ಇದ್ದವು. ಮುಂದಿನ ಕೋಣೆಗೆ ಕೇಳಿಸುವಷ್ಟು ಸಪ್ಪಳ ಅದರಲ್ಲಿ ಇರಲಿಲ್ಲ.